ಚರ್ಮದ ಮೇಲಿನ ಅಕ್ಷರಕ್ಕೆ ಓದುಗರು ಯಾರು?

2019ರ ಜನವರಿಯಲ್ಲಿ ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆ ತಮ್ಮ ಅಂಗೈ ಮೇಲೆ ಎರಡು ಜಪಾನಿ ಅಕ್ಷರಗಳ ಹಚ್ಚೆ ಹಾಕಿಸಿಕೊಂಡರು. ಆಗಷ್ಟೇ ಬಿಡುಗಡೆಯಾಗಿದ್ದ 'ಸೆವೆನ್ ರಿಂಗ್ಸ್' ಎಂಬ ಹಾಡು ಜನಪ್ರಿಯವಾಗಿತ್ತು. ಅದರ ಹೆಸರೇ ಕೈಯಲ್ಲಿರಲಿ ಎಂಬ ಆಸೆ. ಮೊದಲ ಅಕ್ಷರಕ್ಕೆ 'ಏಳು' ಎಂಬ ಅರ್ಥ. ಎರಡನೆಯದಕ್ಕೆ ಚಕ್ರ, ಬಳೆ, ಉಂಗುರ ಮುಂತಾದ ದುಂಡನೆಯ ವಸ್ತುಗಳ ಅರ್ಥ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿಯೇ. ಆದರೆ ಚಿತ್ರ ನೋಡಿದ ಜಪಾನಿಯರಿಗೆ ಕಂಡದ್ದು ಏಳು ಉಂಗುರಗಳಲ್ಲ, ಮೀನು ಮಾಂಸ ಸುಡುವ ಒಂದು ಪುಟ್ಟ ಇದ್ದಿಲು ಒಲೆ. ಆ ಎರಡು ಅಕ್ಷರಗಳು ಜೊತೆಯಾಗಿ ನಿಂತರೆ ಅದು 'ಶಿಚಿರಿನ್'. ಜಪಾನಿನ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಣ್ಣಿನ ಅಗ್ಗಿಷ್ಟಿಕೆಯ ಹೆಸರು ಅದು.

ಏಳು ಉಂಗುರಗಳು ಎನ್ನಬೇಕಾದರೆ 'ನನತ್ಸು ನೊ ಯುಬಿವಾ' ಎಂದು ಐದು ಅಕ್ಷರ ಬರೆಯಬೇಕಿತ್ತು. ಅಂಗೈಯ ಚರ್ಮದಲ್ಲಿ ಸೂಜಿ ಆಡುವಾಗ ಆಗುವ ನೋವು ಸಾಮಾನ್ಯವಲ್ಲ. ಆ ನೋವಿಗಾಗಿಯೇ ನಡುವಿನ ಅಕ್ಷರಗಳನ್ನು ಬಿಟ್ಟದ್ದು ಎಂದು ಗಾಯಕಿ ಹೇಳಿದರು. ಟೀಕೆ ಜೋರಾದ ಮೇಲೆ ಜಪಾನಿ ಪಾಠ ಹೇಳುತ್ತಿದ್ದವರನ್ನು ವಿಚಾರಿಸಿ, 'ಬೆರಳು' ಎಂಬ ಅಕ್ಷರವನ್ನೂ ಒಂದು ಹೃದಯದ ಚಿತ್ರವನ್ನೂ ಸೇರಿಸಿಕೊಂಡರು. ಆದರೆ ಹೊಸ ಅಕ್ಷರಕ್ಕೆ ಸಿಕ್ಕ ಜಾಗ ಸರಿಯಾದ ಜಾಗವಲ್ಲ. ಓದುವವರಿಗೆ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಬೆರಳೊಂದು ಕಂಡಿತು. ನಗೆಯಾಡಿದವರು ನಕ್ಕು ಮರೆತರು. ಆದರೆ ಈ ಪ್ರಸಂಗದ ಒಳಗಿರುವ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ತಾನು ಓದಲಾರದ ಅಕ್ಷರವನ್ನು ಮೈಮೇಲೆ ಜೀವಮಾನಕ್ಕೆ ಬರೆಸಿಕೊಳ್ಳುವವರು ಮೊದಲು ಯಾರಿಗೆ ತೋರಿಸಬೇಕು? ತೋರಿಸಿ ಏನೆಂದು ಕೇಳಬೇಕು? ಜಪಾನಿನಲ್ಲಿ ಚರ್ಮದ ಮೇಲಿನ ಬರಹಕ್ಕೆ ಶತಮಾನಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಬ್ಬ ನಿಶ್ಚಿತ ಓದುಗ ಇದ್ದ ಎಂಬುದು ಗಮನಿಸಬೇಕಾದ ವಿಷಯ.

ಮೊದಲ ಓದುಗ ಅಧಿಕಾರಿ. 720ರಲ್ಲಿ ಪೂರ್ಣಗೊಂಡ 'ನಿಹೊನ್ ಶೊಕಿ' ಎಂಬ ಪ್ರಾಚೀನ ಇತಿಹಾಸ ಗ್ರಂಥದಲ್ಲಿ, ರಾಜದ್ರೋಹದ ಆರೋಪ ಹೊತ್ತ ಒಬ್ಬನಿಗೆ ಮರಣದಂಡನೆಯ ಬದಲು ಕಣ್ಣಿನ ಹತ್ತಿರ ಹಚ್ಚೆ ಚುಚ್ಚಿಸಿದ ಕಥೆ ಬರುತ್ತದೆ. ಇದು ಕ್ರಮಬದ್ಧ ಶಿಕ್ಷೆಯಾದದ್ದು ಬಹಳ ತಡವಾಗಿ, ತೊಕುಗಾವಾ ಮನೆತನದ ಆಳ್ವಿಕೆಯಲ್ಲಿ. 1720ರಲ್ಲಿ ಶೋಗನ್ ಯೋಶಿಮುನೆ ಮೂಗು ಕಿವಿ ಕೊಯ್ಯುವ ಕ್ರೂರ ಶಿಕ್ಷೆಯ ಜಾಗದಲ್ಲಿ ಹಚ್ಚೆಯ ಶಿಕ್ಷೆಯನ್ನು ತಂದ. ಆ ಕಾಲದ ಲೆಕ್ಕದಲ್ಲಿ ಇದು ಸುಧಾರಣೆಯೇ. ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ಕಳ್ಳತನಕ್ಕೆ ಸಿಕ್ಕಿಬಿದ್ದವನ ಮುಂಗೈಗೆ ಸುತ್ತಲೂ ಎರಡು ಪಟ್ಟೆ ಹಾಕುತ್ತಿದ್ದರು. ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಗುರುತು, ಬೇರೆ ಬೇರೆ ಜಾಗ. ತೋಳನ್ನೋ ಹಣೆಯನ್ನೋ ನೋಡಿದ ಕೂಡಲೇ ಈತ ಯಾವ ಊರಿನಲ್ಲಿ ಶಿಕ್ಷೆಗೊಳಗಾದವನು ಎಂಬುದು ಅಧಿಕಾರಿಗೆ ತಿಳಿಯಬೇಕು. ಕಡತ ಹುಡುಕುವ ಕೆಲಸವಿಲ್ಲ, ಮನುಷ್ಯನೇ ಕಡತ.

ಈ ಗುರುತುಗಳಲ್ಲಿ ಅತ್ಯಂತ ಕಟುವಾದದ್ದು ಪಶ್ಚಿಮ ಜಪಾನಿನ ಕೆಲವು ಪ್ರಾಂತಗಳಲ್ಲಿ ಬಳಕೆಯಲ್ಲಿತ್ತು. ಅಲ್ಲಿ ಅಪರಾಧಿಯ ಹಣೆಯ ಮೇಲೆ ಒಂದು ಅಕ್ಷರವನ್ನು ಕಂತುಕಂತಾಗಿ ಬರೆಯುತ್ತಿದ್ದರು. ಮೊದಲ ತಪ್ಪಿಗೆ ಒಂದು ಅಡ್ಡಗೆರೆ. ಮತ್ತೆ ಸಿಕ್ಕಿಬಿದ್ದರೆ ಅದಕ್ಕೆ ಇನ್ನಷ್ಟು ಗೆರೆ. ಹೀಗೆ ಕೊನೆಗೆ ಪೂರ್ತಿಯಾಗುವ ಅಕ್ಷರ 'ಇನು', ನಾಯಿ. ಒಂದು ಗೆರೆ ಹೊತ್ತವನಿಗೆ ತನ್ನ ಹಣೆಯ ಮೇಲೆ ಯಾವ ಅಕ್ಷರ ಶುರುವಾಗಿದೆ ಎಂಬುದು ಗೊತ್ತು, ದಾರಿಯಲ್ಲಿ ಎದುರಾದವರಿಗೂ ಗೊತ್ತು. ಇಂಥ ಗುರುತುಗಳನ್ನು ಮುಚ್ಚಲೆಂದೇ ಕೆಲವರು ಅದರ ಮೇಲೆ ದೊಡ್ಡ ಚಿತ್ರದ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರೆಂಬ ಮಾತಿದೆ; ಆದರೆ ಹಣೆಯ ಮೇಲೆ ಅದೂ ಸಾಧ್ಯವಿರಲಿಲ್ಲ. ಮೈಜಿ ಸರ್ಕಾರ 1870ರಲ್ಲಿ ಈ ಶಿಕ್ಷೆಯನ್ನು ರದ್ದು ಮಾಡಿತು.

ಜಪಾನಿ ಭಾಷೆಯಲ್ಲಿ ಹಚ್ಚೆಗೆ ಇರುವ 'ಇರೆಜುಮಿ' ಎಂಬ ಪದಕ್ಕೆ 'ಒಳಗಿಳಿಸಿದ ಮಸಿ' ಎಂಬ ಅರ್ಥ. ಶಿಕ್ಷೆಯ ಹಚ್ಚೆಗೂ ಅದೇ ಪದ ಬಳಕೆಯಲ್ಲಿದ್ದುದರಿಂದ ಅದಕ್ಕೊಂದು ಕಳಂಕ ಅಂಟಿತು. ಅಲಂಕಾರಕ್ಕೆ ಹಾಕಿಸಿಕೊಂಡವರು 'ಹೊರಿಮೊನೊ', ಎಂದರೆ 'ಕೆತ್ತನೆ', ಎಂಬ ಮಾತನ್ನೇ ಇಷ್ಟಪಟ್ಟರು.

ಎರಡನೆಯ ಓದುಗ ಪ್ರಿಯಕರ. ಇದು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದ ಅಧ್ಯಾಯ. 17ನೇ ಶತಮಾನದ ಆರಂಭದಿಂದ ಎದೊದ ಯೋಶಿವಾರಾ, ಕ್ಯೋಟೊದ ಶಿಮಾಬಾರಾ ಮುಂತಾದ ಕಡೆ ಸರ್ಕಾರದ ಪರವಾನಗಿ ಪಡೆದ ಗಣಿಕೆಯರ ಕೇರಿಗಳಿದ್ದವು. ಪ್ರೀತಿಯೇ ವ್ಯಾಪಾರವಾದ ಜಾಗದಲ್ಲಿ 'ನನ್ನದು ವ್ಯಾಪಾರದ ಪ್ರೀತಿಯಲ್ಲ' ಎಂದು ನಂಬಿಸುವುದು ಹೇಗೆ? ಬರೀ ಮಾತನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಪ್ರಮಾಣಕ್ಕೆ ಸಾಕ್ಷಿಯಾಗಿ ಮೈಯನ್ನೇ ಒಡ್ಡುವ ಪದ್ಧತಿ ಬೆಳೆಯಿತು. ಫುಜಿಮೊತೊ ಕಿಜಾನ್ ಎಂಬಾತ 1678ರ ಸುಮಾರಿಗೆ ಬರೆದ 'ಶಿಕಿದೊ ಓಕಗಾಮಿ' ಎಂಬ ಗ್ರಂಥ ಈ ಕೇರಿಗಳ ರೀತಿನೀತಿಗಳ ವಿಶ್ವಕೋಶದಂತಿದೆ. ಅದರಲ್ಲಿ ಉಗುರು ಕೀಳುವುದು, ಪ್ರತಿಜ್ಞಾಪತ್ರ ಬರೆಯುವುದು, ಕೂದಲು ಕತ್ತರಿಸುವುದು, ಹಚ್ಚೆ, ಬೆರಳು ಕಡಿಯುವುದು ಎಂದು ಪ್ರಮಾಣಗಳ ವಿವರವಿದೆ. ಓದುವಾಗ ಮೈ ನಡುಗುತ್ತದೆ. ಇವುಗಳ ನಡುವೆ ಹಚ್ಚೆ ಸೌಮ್ಯವಾದದ್ದೆಂದೇ ಹೇಳಬೇಕು.

ಮೊದಮೊದಲು ಇದು ಅಕ್ಷರವೂ ಆಗಿರಲಿಲ್ಲ, ಒಂದು ಚುಕ್ಕೆ ಮಾತ್ರ. ಇಬ್ಬರೂ ಕೈ ಕೈ ಹಿಡಿದಾಗ ಒಬ್ಬರ ಹೆಬ್ಬೆರಳ ತುದಿ ಇನ್ನೊಬ್ಬರ ಕೈಯಲ್ಲಿ ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಮಚ್ಚೆಯಂತೆ ಕಾಣುವ ಚುಕ್ಕೆ ಚುಚ್ಚಿಕೊಳ್ಳುತ್ತಿದ್ದರು. ಬೇರೆಯವರ ಕಣ್ಣಿಗೆ ಬರೀ ಮಚ್ಚೆ. ಓದಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಬರಬರುತ್ತ ಚುಕ್ಕೆಯ ಜಾಗಕ್ಕೆ ಅಕ್ಷರ ಬಂತು. ಮೇಲೆ ಪ್ರಿಯಕರನ ಹೆಸರು, ಅದರ ಕೆಳಗೆ 'ಇನೊಚಿ' ಎಂಬ ಒಂದು ಅಕ್ಷರ. ಇನೊಚಿ ಎಂದರೆ ಜೀವ, ಪ್ರಾಣ. ಇಂಥವನೇ ನನ್ನ ಪ್ರಾಣ ಎಂಬ ಪೂರ್ತಿ ವಾಕ್ಯ ಅಷ್ಟರಲ್ಲೇ ಮುಗಿಯಿತು. ಈ ಬಗೆಯ ಪ್ರತಿಜ್ಞೆಯ ಹಚ್ಚೆಗೆ 'ಕಿಶೋಬೊರಿ' ಎಂಬ ಹೆಸರಾಯಿತು. ಪ್ರಾಣಕಾಂತ, ಪ್ರಾಣೇಶ್ವರ ಎಂದು ಬರೆಯುವ ಕನ್ನಡದ ಕಿವಿಗೆ ಇದು ಪರಕೀಯವಾಗಿ ಕೇಳಲಾರದು.

ಪ್ರೀತಿ ಶಾಶ್ವತವಲ್ಲ, ಅದರಲ್ಲೂ ಆ ಕೇರಿಯಲ್ಲಿ. ಹೊಸ ಗಿರಾಕಿಯ ಮುಂದೆ ಹಳಬನ ಹೆಸರು ತೋಳಿನ ಮೇಲಿದ್ದರೆ ಸಂಕಟ. ಅಳಿಸುವ ವಿಧಾನವೂ ಇತ್ತು. ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಒಣಗಿದ ಎಲೆಯ ನಾರನ್ನು ಸಣ್ಣ ಉಂಡೆ ಮಾಡಿ ಚರ್ಮದ ಮೇಲಿಟ್ಟು ಕೆಂಡದಂತೆ ಉರಿಸುವ ಚಿಕಿತ್ಸೆ ಜಪಾನಿನಲ್ಲಿ ಮನೆಮದ್ದಿನಷ್ಟು ಸಾಮಾನ್ಯ. ಗಣಿಕೆಯರು ಅದನ್ನೇ ಹೆಸರಿನ ಮೇಲಿಟ್ಟು ಅಕ್ಷರಗಳನ್ನು ಸುಡುತ್ತಿದ್ದರು. ಉಳಿಯುತ್ತಿದ್ದದ್ದು ಸುಟ್ಟ ಕಲೆ. ಆ ಕಲೆಯನ್ನು ಓದಲು ಬಂದ ಗಿರಾಕಿಗೂ ಕಷ್ಟವಾಗುತ್ತಿರಲಿಲ್ಲ ಎಂದು ಊಹಿಸಬಹುದು.

ಮೂರನೆಯ ಓದುಗ ದೇವರು, ಅಥವಾ ಬುದ್ಧ. ಎದೊ ಕಾಲದ ದುಡುಕಿನ ಬಂಟರು, ಜೂಜುಕೋರರು ಬೆನ್ನ ಮೇಲೆ ಬರೆಸಿಕೊಳ್ಳುತ್ತಿದ್ದ ಮಾತುಗಳಲ್ಲಿ ಮುಖ್ಯವಾದದ್ದು 'ನಮು ಅಮಿದಾ ಬುತ್ಸು'. ಭಾರತೀಯರಿಗೆ ಇದರ ಅರ್ಥ ಹೇಳಬೇಕಿಲ್ಲ: ನಮೋ ಅಮಿತಾಭ ಬುದ್ಧ. ಸ್ವಾರಸ್ಯವಿರುವುದು ಇದನ್ನು ಬರೆಯುವ ರೀತಿಯಲ್ಲಿ. ಸಂಸ್ಕೃತದ 'ನಮೋ' ಚೀನಾಕ್ಕೆ ಹೋದಾಗ ಅಲ್ಲಿಯವರು ಅದರ ಉಚ್ಚಾರಣೆಗೆ ಹತ್ತಿರವಾದ ಎರಡು ಅಕ್ಷರಗಳನ್ನು ಆರಿಸಿದರು. ಆ ಅಕ್ಷರಗಳ ಸ್ವಂತ ಅರ್ಥ 'ದಕ್ಷಿಣ' ಮತ್ತು 'ಇಲ್ಲ'. ನಿಘಂಟು ಹಿಡಿದು ಒಂದೊಂದೇ ಅಕ್ಷರ ಬಿಡಿಸಿದವನಿಗೆ 'ದಕ್ಷಿಣವಿಲ್ಲ' ಎಂಬ ಅಸಂಬದ್ಧ ಸಿಗುತ್ತದೆ. ಓದು ಬಲ್ಲವನಿಗೆ ಮಾತ್ರ ನಮಸ್ಕಾರ ಸಿಗುತ್ತದೆ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ನಂಟಿದೆ. ಜಪಾನಿ ಹಚ್ಚೆಗಳಲ್ಲಿ ಭಾರತದ ಲಿಪಿಯೇ ಕಾಣಸಿಗುತ್ತದೆ. ಕೂಕಾಯ್ ಎಂಬ ಬೌದ್ಧ ಸನ್ಯಾಸಿ 806ರಲ್ಲಿ ಚೀನಾದಿಂದ ಮರಳುವಾಗ ಮಂತ್ರಗಳ ಜೊತೆಗೆ ಅವುಗಳನ್ನು ಬರೆಯುವ ಸಿದ್ಧಂ ಲಿಪಿಯ ಪಾಠವನ್ನೂ ತಂದ. ಬ್ರಾಹ್ಮಿಯ ವಂಶದ ಈ ಲಿಪಿ ಕನ್ನಡ ಲಿಪಿಗೆ ದೂರದ ದಾಯಾದಿ. ಭಾರತದಲ್ಲಿ ಅದು ಮರೆತುಹೋಯಿತು, ಜಪಾನಿನ ಮಠಗಳಲ್ಲಿ ಉಳಿಯಿತು. ಅಲ್ಲಿ ಅದನ್ನು 'ಬೊನ್‌ಜಿ' ಎನ್ನುತ್ತಾರೆ, ಬ್ರಹ್ಮನ ಅಕ್ಷರ. ಒಂದೊಂದು ದೇವತೆಗೆ ಒಂದೊಂದು ಬೀಜಾಕ್ಷರ. ಹಚ್ಚೆ ಕಲಾವಿದರಿಗೆ ಬಲು ಪ್ರಿಯನಾದ, ಜ್ವಾಲೆಯ ನಡುವೆ ಖಡ್ಗ ಹಿಡಿದು ನಿಂತ ಫುದೊ ದೇವತೆ ಸಂಸ್ಕೃತದ ಅಚಲ. ಅವನ ಬೀಜಾಕ್ಷರ 'ಹಾಂ', ಜಪಾನಿನಲ್ಲಿ ಅದರ ಉಚ್ಚಾರಣೆ 'ಕಾನ್'. ಅಮಿತಾಭನ 'ಹ್ರೀಃ' ಅಲ್ಲಿ 'ಕಿರೀಕು' ಆಗಿದೆ. ಈ ಅಕ್ಷರಗಳನ್ನು ತೋಳಿನ ಮೇಲೆ ಹೊತ್ತ ಜಪಾನಿಯರಲ್ಲಿ ಲಿಪಿ ಬಲ್ಲವರು ಅಪರೂಪ. ತನಗೆ ಓದಲು ಬಾರದ ಅಕ್ಷರವನ್ನು ನಂಬಿ ಧರಿಸುವ ಆಸೆ ಪಾಶ್ಚಾತ್ಯರದೇ ಸ್ವತ್ತೇನಲ್ಲ. ಆದರೆ ಇಲ್ಲಿ ಬೀಜಾಕ್ಷರದ ಆಕಾರವನ್ನು ಸಾವಿರದ ಇನ್ನೂರು ವರ್ಷ ಕಾದುಕೊಂಡು ಬಂದ ಮಠದ ಪರಂಪರೆಯೊಂದು ಬೆನ್ನಿಗಿದೆ. ತಪ್ಪಿದ್ದರೆ ತಿದ್ದಬಲ್ಲವರು ಇದ್ದಾರೆ.

19ನೇ ಶತಮಾನದಲ್ಲಿ ಅಕ್ಷರಗಳು ಹಿಂದೆ ಸರಿದು ಚಿತ್ರಗಳು ಮೈತುಂಬಿಕೊಂಡವು. ಇದಕ್ಕೆ ದೊಡ್ಡ ಕಾರಣ ಚೀನಾದ ಒಂದು ಕಾದಂಬರಿ. 'ಸುಯಿಕೊದೆನ್' ಎಂದು ಜಪಾನಿನಲ್ಲಿ ಹೆಸರಾದ, 108 ಬಂಡಾಯಗಾರ ವೀರರ ಆ ಕಥೆಗೆ ಉತಾಗಾವಾ ಕುನಿಯೋಶಿ 1827ರ ಸುಮಾರಿನಿಂದ ಬಣ್ಣಬಣ್ಣದ ಮರದಚ್ಚಿನ ಚಿತ್ರಗಳನ್ನು ಮಾಡಿದ. ಆ ವೀರರ ಮೈಮೇಲೆ ಡ್ರ್ಯಾಗನ್, ಸಿಂಹ, ಹೂವು, ಅಲೆ. ಬೆಂಕಿ ಆರಿಸುವವರು, ಪಲ್ಲಕ್ಕಿ ಹೊರುವವರು, ಬಡಗಿಗಳು ಅವನ್ನೇ ತಮ್ಮ ಬೆನ್ನಿಗೆ ಇಳಿಸಿಕೊಂಡರು. 1872ರಲ್ಲಿ ಮೈಜಿ ಸರ್ಕಾರ ಹಚ್ಚೆಯನ್ನೇ ನಿಷೇಧಿಸಿತು. ವಿದೇಶೀಯರ ಕಣ್ಣಿಗೆ ತಾವು ಅನಾಗರಿಕರಾಗಿ ಕಾಣಬಾರದು ಎಂಬುದೇ ಮುಖ್ಯ ಕಾಳಜಿ. ಆದರೆ ಆ ವಿದೇಶೀಯರು ಹಡಗಿಳಿದ ಕೂಡಲೇ ಹಚ್ಚೆಯವನನ್ನೇ ಹುಡುಕುತ್ತಿದ್ದರು! ಮುಂದೆ ಐದನೆಯ ಜಾರ್ಜ್ ದೊರೆಯಾದ ಬ್ರಿಟಿಷ್ ರಾಜಕುಮಾರ 1881ರಲ್ಲಿ ಜಪಾನಿನಲ್ಲಿ ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡ. ಮುಂದೆ ರಷ್ಯದ ಕೊನೆಯ ಚಕ್ರವರ್ತಿಯಾದ ನಿಕೊಲಸ್ 1891ರಲ್ಲಿ ನಾಗಸಾಕಿಯಲ್ಲಿ ಅದನ್ನೇ ಮಾಡಿದ. ಇವರು ಬಯಸಿದ್ದು ಚಿತ್ರ. ಡ್ರ್ಯಾಗನ್ನಿಗೆ ವ್ಯಾಕರಣವಿಲ್ಲ, ಯಾವ ದೇಶದವರು ನೋಡಿದರೂ ಅದು ಡ್ರ್ಯಾಗನ್. ನಿಷೇಧ ತೆರವಾದದ್ದು 1948ರಲ್ಲಿ, ಎರಡನೇ ಮಹಾಯುದ್ಧದ ನಂತರ.

ಜಪಾನಿ, ಚೀನೀ ಅಕ್ಷರಗಳೇ ಬೇಕೆಂಬ ಹಂಬಲ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ. ನಾವಿಕರ, ಸೈನಿಕರ ಗುರುತಾಗಿದ್ದ ಹಚ್ಚೆ ಆಗ ಕಾಲೇಜು ಹುಡುಗ ಹುಡುಗಿಯರ ಫ್ಯಾಷನ್ ಆಯಿತು. ಕುಂಗ್‌ಫೂ ಸಿನಿಮಾ, ಕರಾಟೆ ಶಾಲೆ, ಝೆನ್ ಕುರಿತ ಪುಸ್ತಕಗಳು ನೆಲ ಹದ ಮಾಡಿದ್ದವು. ಒಂದು ಅಕ್ಷರ ಚಿಕ್ಕದು, ಚೊಕ್ಕವಾದದ್ದು, ನೋಡಲು ಚಿತ್ರದಂತೆ. ಎಲ್ಲಕ್ಕಿಂತ ಮಿಗಿಲಾಗಿ, ಅಕ್ಕಪಕ್ಕದವರಿಗೆ ಅದು ಅರ್ಥವಾಗದು. ಧರಿಸಿದವರೇ ಅರ್ಥ ಹೇಳಬೇಕು. ಆಕರ್ಷಣೆ ಇದ್ದದ್ದು ಅಲ್ಲೇ, ಅಪಾಯವೂ ಅಲ್ಲೇ. ಹಾಕುವವನಿಗೂ ಓದಲು ಬಾರದು, ಹಾಕಿಸಿಕೊಳ್ಳುವವನಿಗೂ ಬಾರದು. ಅಧಿಕಾರಿ, ಪ್ರಿಯಕರ, ದೇವರು ಕೂತಿದ್ದ ಓದುಗನ ಜಾಗ ಖಾಲಿಯಾಯಿತು.

ಆ ಖಾಲಿ ಜಾಗದಲ್ಲಿ ಏನೇನೋ ನಡೆಯಿತು. ಹಚ್ಚೆ ಅಂಗಡಿಗಳ ಗೋಡೆಗಳ ಮೇಲೆ ಒಂದು ಪಟ್ಟಿ ಕಾಣಿಸಿಕೊಂಡಿತು: ಎ ಅಕ್ಷರಕ್ಕೆ ಈ ಚೀನೀ ಅಕ್ಷರ, ಬಿ ಅಕ್ಷರಕ್ಕೆ ಅದು, ಹೀಗೆ ಇಂಗ್ಲಿಷಿನ 26 ಅಕ್ಷರಗಳಿಗೂ ಒಂದೊಂದು. ಇದನ್ನು ನಂಬಿ ತಮ್ಮ ಹೆಸರು ಬರೆಸಿಕೊಂಡವರು ಎಷ್ಟೋ ಮಂದಿ. ಇದು ಶುದ್ಧ ಕಟ್ಟುಕತೆ. ಇಂಗ್ಲಿಷ್ ಅಕ್ಷರಗಳಿಗೂ ಈ ಲಿಪಿಗೂ ಹಾಗೆ ಒಂದಕ್ಕೊಂದು ಹೊಂದಿಕೆ ಇಲ್ಲವೇ ಇಲ್ಲ. ಹೀಗೆ ಬರೆದದ್ದನ್ನು ಜಪಾನಿಯರಾಗಲಿ ಚೀನೀಯರಾಗಲಿ ಓದಲಾರರು.

ನಿಜವಾದ ವ್ಯವಸ್ಥೆ ಬೇರೆ. ಜಪಾನಿ ಬರಹದಲ್ಲಿ ಮೂರು ಬಗೆಯ ಲಿಪಿ ಒಟ್ಟಿಗೆ ನಡೆಯುತ್ತವೆ. ಚೀನಾದಿಂದ ಬಂದ 'ಕಾಂಜಿ' ಅರ್ಥವನ್ನು ಹೊರುವ ಅಕ್ಷರ. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲೇ ಇಂಥವು 2,136 ಇವೆ. 'ಹಿರಗಾನಾ', 'ಕತಕಾನಾ' ಎಂಬ ಎರಡು ಕನ್ನಡದ ಕಾಗುಣಿತದಂತೆ ಉಚ್ಚಾರಣೆಯನ್ನು ಮಾತ್ರ ಹೇಳುವಂಥವು. ವಿದೇಶೀ ಹೆಸರುಗಳನ್ನು ಬರೆಯುವುದು ಸಾಮಾನ್ಯವಾಗಿ ಕತಕಾನಾದಲ್ಲಿ. ಅಲ್ಲಿಯೂ ತೊಡಕುಗಳಿವೆ. ಜಪಾನಿಯಲ್ಲಿ ಲಕಾರ ರಕಾರಗಳ ಭೇದವಿಲ್ಲ, ಮಹಾಪ್ರಾಣವಿಲ್ಲ, ಟಕಾರ ಡಕಾರಗಳಿಲ್ಲ. 'ಲೀಲಾ' ಎಂಬ ಹೆಸರು 'ರೀರಾ' ಆಗುತ್ತದೆ. ಅದು ತಪ್ಪಲ್ಲ, ಆ ಭಾಷೆಯ ನಿಯಮ. ಆದರೆ ಹಚ್ಚೆ ಹಾಕಿಸಿಕೊಳ್ಳುವ ಲೀಲಾಗೆ ಅದು ಮೊದಲೇ ತಿಳಿದಿರಬೇಕು.

ಕಾಂಜಿಯಲ್ಲಿ ತಪ್ಪುಗಳಿಗೆ ಎರಡು ಬಾಗಿಲು: ಅರ್ಥದ್ದೊಂದು, ಆಕಾರದ್ದೊಂದು. ಅರ್ಥದ ತಪ್ಪು ಬಹುತೇಕ ನಿಘಂಟಿನಿಂದ ಬರುತ್ತದೆ. ಇಂಗ್ಲಿಷಿನ 'ಫ್ರೀ' ಎಂಬ ಪದಕ್ಕೆ ಜಪಾನಿಯಲ್ಲಿ ಎರಡು ಬೇರೆ ಮಾತುಗಳಿವೆ. 'ಜಿಯೂ' ಎಂದರೆ ಸ್ವಾತಂತ್ರ್ಯ, 'ಮುರ್ಯೋ' ಎಂದರೆ ದುಡ್ಡು ಕೊಡಬೇಕಿಲ್ಲ. ಎರಡನೆಯದನ್ನು ತೋಳಿನ ಮೇಲೆ ಬರೆಸಿಕೊಂಡವನು ಸ್ವತಂತ್ರನಲ್ಲ, ಬಿಟ್ಟಿ. ಒಂದೇ ಅಕ್ಷರದ ಅರ್ಥ ಚೀನಾದಲ್ಲಿ ಒಂದು, ಜಪಾನಿನಲ್ಲಿ ಒಂದು ಆಗುವುದೂ ಉಂಟು. ಜಪಾನಿನಲ್ಲಿ 'ಮಗಳು' ಎಂದು ಓದುವ ಅಕ್ಷರ ಚೀನಾದಲ್ಲಿ ತಾಯಿಯನ್ನು ನೆನಪಿಸುತ್ತದೆ. 'ಕೈ', 'ಕಾಗದ' ಎಂಬ ಎರಡು ಅಕ್ಷರ ಸೇರಿದರೆ ಜಪಾನಿಯಲ್ಲಿ ಪತ್ರ, ಓಲೆ. ಚೀನಾದಲ್ಲಿ ಶೌಚಾಲಯದ ಕಾಗದ. ಎರಡೂ ದೇಶಗಳು ಯುದ್ಧಾನಂತರ ತಮ್ಮ ಅಕ್ಷರಗಳನ್ನು ಬೇರೆಬೇರೆಯಾಗಿ ಸರಳಗೊಳಿಸಿಕೊಂಡವು. 'ಪ್ರೀತಿ' ಎಂಬ ಅಕ್ಷರದ ನಡುವೆ 'ಹೃದಯ' ಎಂಬ ಅಕ್ಷರ ಅಡಗಿದೆ. ಜಪಾನ್ ಅದನ್ನು ಉಳಿಸಿಕೊಂಡಿತು, ಚೀನಾದ ಹೊಸ ರೂಪದಲ್ಲಿ ಹೃದಯ ಬಿದ್ದುಹೋಯಿತು. ಜಪಾನಿಯೆಂದು ನಂಬಿ ಹೃದಯವಿಲ್ಲದ ಪ್ರೀತಿಯನ್ನು ಹಾಕಿಸಿಕೊಂಡರೆ ಓದುವವನು ಕೂಡಲೇ ಗುರುತಿಸುತ್ತಾನೆ.

ಆಕಾರದ ತಪ್ಪು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ 'ಪ' ಅಕ್ಷರದ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ 'ಷ', ಕೆಳಗೆ ಸೀಳಿದರೆ 'ಫ'. ಕನ್ನಡ ಬಾರದ ಕಲಾವಿದನಿಗೆ ಆ ಗೆರೆ ಒಂದು ಅಲಂಕಾರವಾಗಿ ಕಂಡೀತು. ಜಪಾನಿಯಲ್ಲಿಯೂ ಹಾಗೆಯೇ. 'ದೊಡ್ಡದು' ಎಂಬ ಅಕ್ಷರದ ಬಲಭುಜದ ಮೇಲೆ ಒಂದು ಚುಕ್ಕೆ ಇಟ್ಟರೆ ಅದು ನಾಯಿ. ಹಿಂದೆ ಅಪರಾಧಿಗಳ ಹಣೆಯ ಮೇಲಿದ್ದ ಅದೇ ಅಕ್ಷರ. ಚುಕ್ಕೆಯನ್ನು ಕಾಲುಗಳ ನಡುವೆ ಇಟ್ಟರೆ 'ದಪ್ಪ'. ಎರಡು ಅಡ್ಡಗೆರೆಗಳಲ್ಲಿ ಮೇಲಿನದು ಉದ್ದವಾಗಿದ್ದರೆ ಯೋಧ, ಕೆಳಗಿನದು ಉದ್ದವಾಗಿದ್ದರೆ ಮಣ್ಣು. 'ಸಮುರಾಯಿ' ಎಂಬ ಅಕ್ಷರದ ಎಡಭಾಗಕ್ಕೆ ಒಂದು ಗೆರೆ ಹೆಚ್ಚಾದರೆ 'ಕಾಯುವುದು'. ವೀರನಾಗಲು ಹೋದವನು ಬಸ್ಸಿಗೆ ಕಾಯುವವನಾಗುತ್ತಾನೆ. 'ಸುಖ' ಎಂಬ ಅಕ್ಷರದಿಂದ ಒಂದು ಅಡ್ಡಗೆರೆ ತೆಗೆದರೆ 'ಕಷ್ಟ' ಅಥವಾ 'ಖಾರ'. 'ಶಕ್ತಿ' ಎಂಬ ಕಾಂಜಿಯಂತೂ ಕತಕಾನಾದ 'ಕ' ಅಕ್ಷರದ ಪಡಿಯಚ್ಚು; ಒಂಟಿಯಾಗಿ ನಿಂತಾಗ ಓದುವವನಿಗೆ ಶಕ್ತಿ ಕಾಣುವುದೋ ಬರೀ 'ಕ' ಕಾಣುವುದೋ ಹೇಳಲಾಗದು. ಇವೆಲ್ಲ ಸಾಲದೆಂಬಂತೆ, ಅಚ್ಚಿನ ಕಾಗದವನ್ನು ಮಗುಚಿ ಒತ್ತಿ ಕನ್ನಡಿಯೊಳಗಿನ ಬಿಂಬದಂತೆ ತಿರುಗುಮುರುಗಾದ ಅಕ್ಷರಗಳೂ ಉಂಟು.

ಅಕ್ಷರ ಸರಿಯಿದ್ದು ಬರವಣಿಗೆ ಕೆಡುವುದು ಇನ್ನೊಂದು ಬಗೆ. ಈ ಲಿಪಿ ಹುಟ್ಟಿ ಬೆಳೆದದ್ದು ಕುಂಚದಲ್ಲಿ. ಪ್ರತಿ ಗೆರೆಗೂ ಒಂದು ಆರಂಭ, ಒಂದು ಅಂತ್ಯ, ಒಂದರ ನಂತರ ಒಂದೆಂಬ ಕ್ರಮವಿದೆ. ಕೊನೆಯಲ್ಲಿ ಗೆರೆಯನ್ನು ಒತ್ತಿ ನಿಲ್ಲಿಸುವುದು 'ತೊಮೆ', ಕೊಂಡಿಯಂತೆ ಚಿಮ್ಮಿಸುವುದು 'ಹನೆ', ತೆಳುವಾಗಿ ಹರಿಯಬಿಡುವುದು 'ಹರಾಯಿ'. ಜಪಾನಿನ ಮಕ್ಕಳು ಇದನ್ನು ಪ್ರಾಥಮಿಕ ಶಾಲೆಯಲ್ಲೇ ತಿದ್ದಿ ಕಲಿಯುತ್ತಾರೆ. ಇದು ತಿಳಿಯದ ಕೈ ಅಕ್ಷರವನ್ನು ಬರೆಯುವುದಿಲ್ಲ, ಅದರ ಹೊರಗೆರೆಯನ್ನು ನಕಲು ಮಾಡುತ್ತದೆ. ಬಾಗಬೇಕಾದ್ದು ಮೂಲೆಯಾಗುತ್ತದೆ, ಬಿಡಿಯಾಗಿರಬೇಕಾದ ಎರಡು ಗೆರೆ ಅಂಟಿಕೊಳ್ಳುತ್ತವೆ. ಕಂಪ್ಯೂಟರಿನ ಅಚ್ಚಕ್ಷರವನ್ನು ಹಾಗೆಯೇ ಇಳಿಸಿದರೆ ತಪ್ಪೇನಿಲ್ಲ, ಆದರೆ ಅದು ಪತ್ರಿಕೆಯ ತಲೆಬರಹವನ್ನೋ ಅಂಗಡಿಯ ಬೋರ್ಡನ್ನೋ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಕುಂಚದ ಬರಹದಲ್ಲಿ ಬಿಡಿಬಿಡಿಯಾದ 'ಕೈಶೊ', ಅರೆಕೂಡಿದ 'ಗ್ಯೋಶೊ', ಪೂರ್ತಿ ಹರಿದಾಡುವ 'ಸೋಶೊ' ಎಂಬ ಶೈಲಿಗಳಿವೆ. ಸೋಶೊ ಬಲು ಚೆಂದ. ಆದರೆ ಈಗಿನ ಜಪಾನಿಯರಲ್ಲಿಯೇ ಬಹುಮಂದಿಗೆ ಅದನ್ನು ಓದಲಾಗದು. ಇನ್ನೊಂದು ವ್ಯಾವಹಾರಿಕ ಮಾತು: ವರ್ಷಗಳು ಕಳೆದಂತೆ ಮಸಿ ಚರ್ಮದೊಳಗೆ ಕೊಂಚ ಹರಡುತ್ತದೆ. 'ಡ್ರ್ಯಾಗನ್' ಎಂಬ ಅಕ್ಷರದ ಹಳೆಯ ರೂಪದಲ್ಲಿ 16 ಗೆರೆಗಳಿವೆ, ಹೊಸದರಲ್ಲಿ 10. ಹಳೆಯದು ಗಂಭೀರ, ಹಾಗಾಗಿ ಹಚ್ಚೆಗೆ ಅದೇ ಬೇಕೆನಿಸುತ್ತದೆ. ಆದರೆ ಅದನ್ನು ಬೆರಳಿನ ಮೇಲೆ ಕಡಲೆಯಷ್ಟು ಗಾತ್ರದಲ್ಲಿ ಬರೆಸಿದರೆ ಹತ್ತು ವರ್ಷದ ನಂತರ ಉಳಿಯುವುದು ಒಂದು ಕಪ್ಪು ಮಚ್ಚೆ.

ಹಾಗಾದರೆ ಸೂಜಿ ತಾಗುವ ಮುನ್ನ ಬಲ್ಲವರನ್ನು ಕೇಳುವುದು ಹೇಗೆ? ಇಲ್ಲಿ ಬಹುಪಾಲು ಜನ ಎಡವುವುದು ಪ್ರಶ್ನೆಯಲ್ಲಿಯೇ. 'ಇದರ ಅರ್ಥ ಏಳು ಉಂಗುರ, ಅಲ್ಲವೇ?' ಎಂದು ಕೇಳಿದರೆ ಬಲ್ಲವರೂ ಅರ್ಧ ಮನಸ್ಸಿನಿಂದ ಹೌದೆನ್ನಬಹುದು. ಉತ್ತರವನ್ನು ಪ್ರಶ್ನೆಯೇ ಹೇಳಿಕೊಟ್ಟಿರುತ್ತದೆ, ಉತ್ಸಾಹದಲ್ಲಿರುವವರ ಮನಸ್ಸು ಮುರಿಯಲು ಯಾರಿಗೂ ಇಷ್ಟವಿರುವುದಿಲ್ಲ. ಅರ್ಥವನ್ನು ಬಾಯಿಬಿಡದೆ ಚಿತ್ರವನ್ನು ಮುಂದಿಟ್ಟು 'ಇದನ್ನು ಓದಿ' ಎನ್ನುವುದೇ ಸರಿಯಾದ ಪರೀಕ್ಷೆ. ಏನೆಂದು ಓದುತ್ತಾರೆ, ಓದುವ ಮೊದಲು ತಡವರಿಸುತ್ತಾರೆಯೇ, ಇಂಥ ಬರಹವನ್ನು ಸಾಮಾನ್ಯವಾಗಿ ಎಲ್ಲಿ ನೋಡಿದ್ದಾರೆ? ಕೊನೆಯ ಪ್ರಶ್ನೆ ಮುಖ್ಯ. 'ಮುರ್ಯೋ' ಎಂಬುದನ್ನು ಅಂಗಡಿಯ ಬಾಗಿಲಲ್ಲಿ ನೋಡಿದ್ದೇನೆ ಎಂಬ ಒಂದು ಉತ್ತರ ಸಾಕು. ಶಿಚಿರಿನ್ ಎಂಬುದು ಅಡುಗೆಮನೆಯಲ್ಲಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅಂಗೈಯ ನೋವಾದರೂ ಉಳಿಯುತ್ತಿತ್ತು. ಒಬ್ಬರ ಬದಲು ಇಬ್ಬರನ್ನು, ಅದೂ ಒಬ್ಬರಿಗೊಬ್ಬರು ತಿಳಿಯದಂತೆ ಕೇಳಿದರೆ ಇನ್ನೂ ಒಳ್ಳೆಯದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಓದುಬರಹ ಬಾರದ ಹೆಣ್ಣುಮಕ್ಕಳೂ ತೋಳಿನ ಮೇಲೆ ಗಂಡನ ಹೆಸರೋ ದೇವರ ಹೆಸರೋ ಹುಯ್ಯಿಸಿಕೊಂಡದ್ದುಂಟು. ಆದರೆ ಅದನ್ನು ಓದಿ ಹೇಳುವವರು ಊರಿನಲ್ಲೇ ಇರುತ್ತಿದ್ದರು.

ಇಷ್ಟೆಲ್ಲ ಮಾಡಿ ದೋಷವಿಲ್ಲದ ಜಪಾನಿ ಅಕ್ಷರ ಹೊತ್ತವನನ್ನು ಜಪಾನ್ ಹೇಗೆ ಬರಮಾಡಿಕೊಳ್ಳುತ್ತದೆ? ಅದು ಇನ್ನೊಂದು ವಿಚಿತ್ರ. ಯಾಕುಜಾ ಎಂಬ ಪಾತಕಿ ಗುಂಪುಗಳ ನಂಟಿನಿಂದಾಗಿ ಅನೇಕ ಬಿಸಿನೀರಿನ ಸ್ನಾನಗೃಹಗಳು, ಈಜುಕೊಳಗಳು ಹಚ್ಚೆ ಇರುವವರನ್ನು ಒಳಗೆ ಬಿಡುವುದಿಲ್ಲ. 2013ರಲ್ಲಿ ಹೊಕ್ಕಾಯಿದೊ ದ್ವೀಪದಲ್ಲಿ, ಭಾಷಾ ಸಮ್ಮೇಳನಕ್ಕೆಂದು ಬಂದಿದ್ದ ನ್ಯೂಜಿಲೆಂಡಿನ ಮಾವೊರಿ ಮಹಿಳೆಯನ್ನು ಅವರ ಮುಖದ ಸಾಂಪ್ರದಾಯಿಕ ಹಚ್ಚೆಯ ಕಾರಣಕ್ಕೆ ಸ್ನಾನಗೃಹದಿಂದ ಹಿಂದಕ್ಕೆ ಕಳಿಸಿದ್ದು ದೊಡ್ಡ ಸುದ್ದಿಯಾಯಿತು. ಹಚ್ಚೆ ಹಾಕುವವರ ಪಾಡೂ ಸುಲಭವಾಗಿರಲಿಲ್ಲ. ಸೂಜಿಯಿಂದ ಚರ್ಮದೊಳಗೆ ಬಣ್ಣ ಇಳಿಸುವುದು ವೈದ್ಯರು ಮಾತ್ರ ಮಾಡಬೇಕಾದ ಕೆಲಸ ಎಂಬ ವ್ಯಾಖ್ಯಾನದಡಿ ಒಸಾಕಾದ ಕಲಾವಿದರೊಬ್ಬರ ಮೇಲೆ ಮೊಕದ್ದಮೆ ನಡೆಯಿತು. 2017ರಲ್ಲಿ ಕೆಳಗಿನ ನ್ಯಾಯಾಲಯ ಅವರಿಗೆ 1,50,000 ಯೆನ್ ದಂಡ ಹಾಕಿತು, 2018ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹಚ್ಚೆ ಹಾಕುವುದು ವೈದ್ಯಕೀಯ ಕ್ರಿಯೆಯಲ್ಲ ಎಂದು 2020ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿತು.

ತಪ್ಪಾದ ಮೇಲೆ ತಿದ್ದುವ ಅವಕಾಶ ಅಕ್ಷರದಿಂದ ಅಕ್ಷರಕ್ಕೆ ಬೇರೆ. ಚರ್ಮದ ಮೇಲೆ ಗೆರೆ ಸೇರಿಸುವುದು ಸುಲಭ, ಕಳೆಯುವುದು ಕಷ್ಟ. ಸುಖ ಬಯಸಿ ಕಷ್ಟ ಬರೆಸಿಕೊಂಡವರಿಗೆ ಒಂದೇ ಒಂದು ಅಡ್ಡಗೆರೆ ಸಾಕು. ಸಮುರಾಯಿ ಆಗಬಯಸಿ 'ಕಾಯುವುದು' ಹಾಕಿಸಿಕೊಂಡವರಿಗೆ ಆ ದಾರಿಯಿಲ್ಲ. ಹೆಚ್ಚಾದ ಗೆರೆಯನ್ನು ಲೇಸರ್ ಕಿರಣದಿಂದ ಹಲವು ಸಲ ಸುಟ್ಟು ಮಸುಕಾಗಿಸಬೇಕು, ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಚರ್ಮ ಮಾಯಲು ವಾರಗಟ್ಟಲೆ ಬಿಡಬೇಕು. ಅಲ್ಲಿಯವರೆಗೆ ಅವರು ಕಾಯಬೇಕಾದದ್ದೇ.